ಓಕ್ ಮರದ ಕೆಳಗಿನ ಮಾಲೀಕರು

ಒಂದಾನೊಂದು ಕಾಲದಲ್ಲಿ, ದಕ್ಷಿಣ ಕೆರೊಲಿನಾದ ಉಪ್ಪುನೀರಿನ ನಡುವೆ ಒಂದು ದ್ವೀಪವಿತ್ತಂತೆ. ಅಲ್ಲೊಂದು ಖಾಲಿ ಶಾಲೆ ಮಕ್ಕಳಿಗಾಗಿ ಕಾಯುತ್ತಿತ್ತಂತೆ. ಮಕ್ಕಳು ಮಾತ್ರ ಕತ್ತಲಲ್ಲೇ ಎದ್ದು, ಬಸ್ಸು ಹತ್ತಿ, ಸೇತುವೆಯಾಚೆಯ ಶಾಲೆಯ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದರಂತೆ. ಅಜ್ಜಿ ಹೇಳುವ ಕಥೆಯಾದರೆ ರಾಕ್ಷಸ ಆಮೇಲೆ ಬರುತ್ತಿದ್ದ. ಈ ಕಥೆಯಲ್ಲಿ ಅವನು ಮೊದಲೇ ಬಂದು, ಶೆಡ್ಡಿನಲ್ಲಿ ಕಡಲ ಚಿಪ್ಪು ಬಿಡಿಸಿ ಮಾಂಸ ತೆಗೆಯುತ್ತಿದ್ದ ಒಲೀತಿಯಾಳ ಬೆನ್ನ ಹಿಂದೆ ನಿಂತಿದ್ದ.

"ಲೇ, ಚಿಪ್ಪು ಬಿಡಿಸೋಕೆ ಎಷ್ಟನೇ ಕ್ಲಾಸು ಓದಿರ್ಬೇಕೇ? ನಿಮ್ಮವ್ವ ಓದಿದ್ಲಾ? ಕೈ ಓಡ್ತಿರ್ಲಿಲ್ವಾ ಅವಳ್ದು?"

ವೈಲಿ ಅವನ ಹೆಸರು. ಚಿಪ್ಪಿನ ಶೆಡ್ಡು ಅವನದು, ಜಿಲ್ಲೆಯ ಶಾಲಾ ಮಂಡಳಿಯ ಅಧ್ಯಕ್ಷಗಿರಿಯೂ ಅವನದೇ. ಅವನ ಸ್ವಂತ ಮಕ್ಕಳು ಮಾತ್ರ ಆ ಮಂಡಳಿಯ ಯಾವ ಶಾಲೆಯ ಮೆಟ್ಟಿಲನ್ನೂ ತುಳಿದವರಲ್ಲ. ಒಲೀತಿಯಾ ತಲೆಯೆತ್ತದೆ ಚಿಪ್ಪಿನ ಬಾಯಿ ಬಿಡಿಸಿದಳು. ಅವನು ಅತ್ತ ಹೋದದ್ದೇ ಎದುರು ಮೇಜಿನ ಜೂನಿ ಅತ್ತೆ ನೆಲಕ್ಕೆ ಉಗುಳಿದಳು.

"ಬಡ್ಡಿಮಗ. ನಮ್ ಮಕ್ಳು ಓದ್ಬುಟ್ರೆ ಚಿಪ್ಪು ಬಿಡಿಸೋಕೆ ಅವನವ್ವನೇ ಬರಬೇಕಾಗ್ತದಲ್ಲ, ಅದಕ್ಕೇ ಉರಿ."

ದ್ವೀಪದ ಶಾಲೆಯನ್ನು ಮುಚ್ಚಿಸಿದ್ದು ಆ ಮಂಡಳಿಯೇ. ದ್ವೀಪದ ಕರಿಯರೆಲ್ಲ ಸೇರಿ ಅದೇ ಕಟ್ಟಡದಲ್ಲಿ ತಾವೇ ನಡೆಸುವ ಚಾರ್ಟರ್ ಶಾಲೆಗೆ ಅರ್ಜಿ ಹಾಕಿದರು. ಹಣ ಸರ್ಕಾರದ್ದು, ಆಡಳಿತ ಊರಿನವರದ್ದು. ರಾಜ್ಯದವರು ಒಪ್ಪಿಗೆಯನ್ನೂ ಕೊಟ್ಟರು. ಆಗಸ್ಟಿನಲ್ಲಿ ತರಗತಿ ಶುರುವಾಗಿ ಬಸ್ಸು ಬರುವ ದಿನ ಒಂದು ಮಗುವನ್ನೂ ಬಿಡದೆ ಆ ಶಾಲೆಯ ಕೋಣೆಯಲ್ಲಿ ಕೂರಿಸುತ್ತೇನೆ ಎಂದು ಪ್ರಾರ್ಥನಾ ಮನೆಯಲ್ಲಿ, ಹಿರಿಯರೆದುರು, ಒಲೀತಿಯಾ ಮಾತು ಕೊಟ್ಟಳು. ವೈಲಿಯ ಮಂಡಳಿ ಒಪ್ಪಿಗೆಯನ್ನು ರದ್ದು ಮಾಡಿಸಲು ಕೋರ್ಟಿಗೆ ಹೋಯಿತು. ಶಾಲೆ ನಿಂತ ನೆಲ ಯಾರ ಹೆಸರಿನಲ್ಲೂ ಇಲ್ಲ ಎಂಬುದೇ ಅದರ ತಕರಾರು.

ಇರಲಿಲ್ಲ, ನಿಜ. ದ್ವೀಪದಲ್ಲಿ ಯಾರೂ ಉಯಿಲು ಬರೆಯುವುದಿಲ್ಲ. ಬರೆದರೆ ಸಾವನ್ನು ಕೂಗಿ ಕರೆದಂತೆ. ನೆಲ ಎಲ್ಲರದು. ಪಾಲು ಮಾಡುವುದೆಂದರೆ ಹೆತ್ತವಳನ್ನು ಕೊಯ್ದು ಹಂಚಿಕೊಂಡಂತೆ. ಬದುಕಿದ್ದ ವಾರಸುದಾರರೆಲ್ಲ ಶಾಲೆಗೆ ಒಪ್ಪಿದ್ದರು. ಅದನ್ನು ಹೇಳಲೆಂದೇ ಒಲೀತಿಯಾ, ಕೈಯಿಂದ ಹೋಗದ ಚಿಪ್ಪಿನ ವಾಸನೆಯೊಂದಿಗೆ, ಸಾಕ್ಷಿಕಟ್ಟೆ ಹತ್ತಿದ್ದಳು.

"ಆ ಜಮೀನಿನ ಮಾಲೀಕರು ಯಾರಮ್ಮಾ?" ಮಂಡಳಿಯ ವಕೀಲ ಮೆತ್ತಗೆ ಕೇಳಿದ.

ದ್ವೀಪದಲ್ಲಿ ಈ ಪ್ರಶ್ನೆಗೆ ಉತ್ತರ ಗೋರಿಯಿಂದಲೇ ಶುರುವಾಗಬೇಕು. ತನ್ನ ಹೆಸರನ್ನೇ ಮೊದಲು ಹೇಳುವವನು ಮಾನಗೆಟ್ಟವನು.

"ಕಾಜೋ. ಅವನು ಕೊಂಡಿದ್ದು. ಅವನ ಹೆಂಡ್ತಿ ಬೀನಾ. ಅವರ ಮಗ ಐಸಮ್. ನಮ್ಮಜ್ಜಿ ರೂತೆಲ್..."

"ಇವರೆಲ್ಲ ಈಗ ಎಲ್ಲಿದ್ದಾರೆ?"

"ಓಕ್ ಮರದ ಕೆಳಗೆ."

"ಅಂದ್ರೆ ಮಣ್ಣಲ್ಲಿ."

ಕೋರ್ಟು ನಕ್ಕಿತು. ಸಾಕ್ಷಿಯೇ ಪ್ರಮಾಣ ಮಾಡಿ ಹೇಳಿದೆ, ಹೆಣಗಳು ಶಾಲೆಗೆ ಜಾಗ ಬರೆದುಕೊಡುವುದಿಲ್ಲ ಎಂದ ವಕೀಲ. ಬದುಕಿರುವವರ ಹೆಸರಿಗೆ ಬರುತ್ತಿದ್ದೆ ಎಂದು ಅವಳು ಬಾಯಿ ತೆರೆದಳು. ಕೇಳಿದ್ದಕ್ಕೆ ಉತ್ತರ ಬಂದಾಯಿತು, ಇಳಿಯಮ್ಮ ಎಂದರು ನ್ಯಾಯಾಧೀಶರು. ಒಪ್ಪಿಗೆ ರದ್ದಾಯಿತು.

ದ್ವೀಪದವರ ಪರವಾಗಿ ಪುಕ್ಕಟೆ ವಾದಿಸಿದ್ದ ಹುಡುಗುಪ್ರಾಯದ ವಕೀಲ ಹೊರಗೆ ತಲೆ ಹಿಡಿದು ಕೂತ. ನಿಮ್ಮ ಹೆಸರನ್ನೇ ಮೊದಲು ಹೇಳಿದ್ದರೆ ಏನಾಗುತ್ತಿತ್ತು ಎಂದ.

"ಹಿರೀರನ್ನ ದಾಟಿ ನಾನೆಂಗೆ ಮುಂದೆ ಹೋಗ್ಲಿ ಸಾರ್?"

ದ್ವೀಪದಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಶೆಡ್ಡಿನಲ್ಲಿ ವೈಲಿ ದಿನಕ್ಕೊಮ್ಮೆ ಬಂದು, ಇವತ್ತು ಯಾವ ಹೆಣಕ್ಕೆ ಪಾಠ ಮಾಡ್ತೀಯೇ ಎಂದು ಕೇಳಿ ಹೋಗುತ್ತಿದ್ದ. ಜೂನಿ ಅತ್ತೆ ಮಾತ್ರ ಒಂದು ಸಂಜೆ ಹೇಳಿದಳು: "ಮಾತು ಕೊಟ್ಟಿದ್ದು ನೀನು. ಕೋರ್ಟಲ್ಲ."

ಆಗಸ್ಟಿನ ಆ ಬೆಳಿಗ್ಗೆ ಬಸ್ಸು ಬಂದು ಹಾರ್ನು ಹೊಡೆಯಿತು. ಹೆಂಗಸರು ಮಕ್ಕಳ ಕೈ ಹಿಡಿದು, ಅದನ್ನು ಹತ್ತಿಸದೆ, ಅದರ ಪಕ್ಕದಲ್ಲೇ ನಡೆದುಹೋದರು. ಒಲೀತಿಯಾ ಭುಜ ಕೊಟ್ಟು ಖಾಲಿ ಶಾಲೆಯ ಬಾಗಿಲು ನೂಕಿದಳು. ಬೆಂಚುಗಳನ್ನು ಮಂಡಳಿ ಎಂದೋ ಹೊತ್ತೊಯ್ದಿತ್ತು. ಮಕ್ಕಳು ನೆಲದ ಮೇಲೆ ಸಾಲಾಗಿ ಕೂರತೊಡಗಿದರು.

ವೈಲಿಯ ಗಾಡಿಯ ಹಿಂದೆಯೇ ಪೊಲೀಸರೂ ಬಂದರು. ಇದು ಶಾಲೆಯಲ್ಲ, ಕೋರ್ಟಿನ ಆಜ್ಞೆ ಇದೆ ಎಂದ ಅವನು ಹೊಸ್ತಿಲಲ್ಲಿ ನಿಂತು.

"ಆಯ್ತು, ಶಾಲೆ ಅಲ್ಲ," ಎಂದಳು ಒಲೀತಿಯಾ. "ನಮ್ ಮಕ್ಳು ನಮ್ ನೆಲದ್ ಮ್ಯಾಲೆ ಕೂತವ್ರೆ. ಎಬ್ಸು, ನೋಡಾನ."

ಪೊಲೀಸಿನವನು ಬೇಡಿ ತೆಗೆದ. ಚಿಪ್ಪು ಕೊಯ್ದ ಗಾಯದ ಗೆರೆಗಳಿದ್ದ ಎರಡೂ ಕೈಗಳನ್ನು ಅವಳು ಮುಂದೆ ಚಾಚಿ, ಹಿಂತಿರುಗಿ ನೋಡಿದಳು. ಎಲ್ಲರೂ ಕೂತಿದ್ದರು. ಅವಳ ಮಗಳು ಟಮೀರಾ ಒಬ್ಬಳೇ ಬೇಡಿಯನ್ನು ದಿಟ್ಟಿಸುತ್ತ ನಿಂತಿದ್ದಳು.

"ಕೂತ್ಕೋ ಮಗಳೇ."

ಟಮೀರಾ ಕೂತಳು.