ಕಪ್ಪು ಕಿಟಕಿ ಮುಚ್ಚಬೇಡಿ

ಕಾಲು ಮುರಿದಿದ್ದು ಕಸೂತಿ ಅಕ್ಕನದು, ಕುಂಟ್ತಾ ಇದ್ದಿದ್ದು ಅಂಗಡಿ. ಡಿಸೈನೆಲ್ಲ ಅಂಗಡಿ ಕಂಪ್ಯೂಟರಲ್ಲಿ, ಅಕ್ಕ ಮನೇಲಿ ಮಂಚದ ಮೇಲೆ. ಮೈದುನ ಅಲ್ಲಿಂದ ಸ್ಕ್ರೀನ್ ನೋಡಿ ಫೋನಲ್ಲಿ ಹೇಳೋನು, "ಅತ್ತಿಗೆ, ಎಡಗಡೆ ಏನೋ ಇದೆ." ಏನೋ ಅಂದ್ರೆ ಏನೋ ಅಂತ ಅಕ್ಕ ಕೇಳಿದ್ರೆ, "ಏನೋ ಅಂದ್ರೆ ಏನೋ." ಕೇಳಿ ಕೇಳಿ ಅಕ್ಕನಿಗೆ ಕಾಲಿಗಿಂತ ತಲೇನೇ ಜಾಸ್ತಿ ನೋಯ್ತಿತ್ತು. ನಾಳೆ ಆಸ್ಪತ್ರೆಗೆ ಏಪ್ರನ್ ಹೋಗಬೇಕು, ಅದರ ಮೇಲೆ ಹಾಕೋ ಲಾಂಛನದ ಡಿಸೈನ್ ನೋಡಿದ್ರೆ ಸೊಟ್ಟ. ಹೋಗದಿದ್ರೆ ಆರ್ಡರ್ ಎದುರಂಗಡಿಗೆ.

ಮೈದುನ ಹೀರೋ ಎಂಟ್ರಿ ಕೊಟ್ಟ. ಯಾರೋ ಹೇಳಿದ್ರಂತೆ, ಇಂಟರ್ನೆಟ್ ಡಬ್ಬಿಯಲ್ಲಿ ಕಂಪ್ಯೂಟರಿಗೆ ನೇರ ದಾರಿ ಬಿಟ್ರೆ ಮುಗೀತಂತೆ, ಅತ್ತಿಗೆ ಮನೆಯಿಂದಲೇ ಅದನ್ನ ನಡೆಸಬಹುದಂತೆ. ಕಾಲೇಜಿನ ಕಂಪ್ಯೂಟರ್ ನೋಡ್ಕೊಳ್ಳೋ ಪಕ್ಕದ ಮನೆ ಗೆಳತಿ ಬೇಡ ಅಂದಳು. "ಬೀದಿಗೆ ಬಾಗಿಲು ತೆಗೆದಿಟ್ಟು, ಅತ್ತಿಗೆ ಮಾತ್ರ ಬರಲಿ ಅಂದ್ರೆ ಕಳ್ಳ ಕೇಳ್ತಾನೇನಪ್ಪಾ?"

ಅವಳೇ ಅಂಗಡಿಗೆ ಹೋಗಿ, ಕಾವಲಿರೋ ಒಂದೇ ಬಾಗಿಲಿಟ್ಟು, ಅದರ ಕೀಲಿಕೈಯನ್ನ ಅಕ್ಕನ ಲ್ಯಾಪ್‌ಟಾಪಿಗೆ ಹಾಕಿದಳು. ಎಸ್‌ಎಸ್‌ಎಚ್ ಪೋರ್ಟ್ ಫಾರ್ವರ್ಡಿಂಗ್ ಅಂತ ಹೆಸರು, ಮನೆಯಿಂದ ಅಂಗಡಿಗೆ ಸುರಂಗ ತೋಡಿದ ಹಾಗೆ, ಒಳಗೆ ಏನು ಹೋಗುತ್ತೆ ಅಂತ ಹೊರಗಿನವರಿಗೆ ಕಾಣಲ್ಲ ಅಂದಳು. ಅಕ್ಕನಿಗೆ ಹೆಸರು ಕೇಳೇ ಸುಸ್ತು.

"ಇದನ್ನೆಲ್ಲ ಟೈಪ್ ಮಾಡೋಷ್ಟು ಜೀವ ಇಲ್ಲ ಕಣೇ ನನ್ನಲ್ಲಿ."

ಟೈಪೂ ಬೇಡ, ಮಣ್ಣೂ ಬೇಡ ಅಂತ ಗೆಳತಿ ಎರಡು ಐಕಾನ್ ಮಾಡಿಟ್ಟು ಹೋದಳು. ಮೊದಲು 'ಸುರಂಗ', ಆಮೇಲೆ 'ಅಂಗಡಿ'.

ಅಕ್ಕ ಸುರಂಗ ಒತ್ತಿದಳು. ಒಂದು ಕಪ್ಪು ಕಿಟಕಿ ಬಂದು ಮಿಕಮಿಕ ನೋಡ್ತಾ ಕೂತಿತು. ಅಂಗಡಿ ಒತ್ತಿದ್ರೆ, ಅಲ್ಲಿನ ಸ್ಕ್ರೀನ್ ಇಲ್ಲೇ ಹಾಜರ್. ಆದ್ರೆ ನೆಲದ ಮೇಲೆ ದಾರದ ಚೂರು ಬಿದ್ರೂ ಸಹಿಸದ ಅಕ್ಕ, ಕೆಲಸಕ್ಕೆ ಬಾರದ ಕಪ್ಪು ಕಿಟಕಿ ಬಿಡ್ತಾಳಾ? ಮುಚ್ಚಿದಳು. ಅಂಗಡಿ ಮಾಯ. ಮತ್ತೆ ತೆಗೆದಳು, ಮತ್ತೆ ಮುಚ್ಚಿದಳು, ಮತ್ತೆ ಮಾಯ. ಅಳು ಬಂತು. ಗೆಳತಿಗೆ ಫೋನ್ ಮಾಡಿ, ನಿನ್ನ ಸುರಂಗ ಕುಸೀತು ಅಂದಳು.

"ಕಪ್ಪು ಕಿಟಕಿ ಇದೆಯಾ?"

"ಕಸ ಅಂತ ಮುಚ್ಚಿದೆ."

ಆ ಕಡೆ ನಿಟ್ಟುಸಿರು. "ಅದೇ ಕಣೇ ಸುರಂಗ. ಒಳಗೆ ನೀನಿರುವಾಗ್ಲೇ ಮಣ್ಣು ಮುಚ್ಕೊಂಡಿದ್ದೀಯ."

ಈ ಸಲ ಅಕ್ಕ ಅದನ್ನ ಮತ್ತೆ ತೆಗೆದು, ಮೂಲೆಗೆ ಸರಿಸಿ, ಡಿಸೈನ್ ತಿದ್ದೋಕೆ ಕೂತಳು. ಲಾಂಛನ ನೆಟ್ಟಗಾಯ್ತು. ಫೋನಲ್ಲಿ ಮೆಷಿನ್ ಟಕಟಕ ಅಂತು. "ಅತ್ತಿಗೆ, ಈಗ ಏನೋ ಅಲ್ಲ, ಸರಿಯಾಗೇ ಇದೆ" ಅಂದ ಮೈದುನ. ಅಕ್ಕ ಕಪ್ಪು ಕಿಟಕಿ ಮುಚ್ಚಿದಳು, ಹಾಗೇ ಕಣ್ಣೂ ಮುಚ್ಚಿದಳು.

ನೀವೂ ದಣಿದಿದ್ದೀರಿ, ಗೊತ್ತು. ಆದ್ರೂ ನಿಮ್ಮ ಕಂಪ್ಯೂಟರನ್ನ ಬೀದಿಗೆ ಬಿಡಬೇಡಿ. ತಿಳಿದವರ ಕೈಲಿ ಒಂದು ಸಲ ಸುರಂಗ ಹಾಕಿಸ್ಕೊಳ್ಳಿ, ಕೀಲಿಕೈ ಯಾರಿಗೂ ಕೊಡಬೇಡಿ. ಕೆಲಸ ಮುಗಿಯೋ ತನಕ ಆ ಕಪ್ಪು ಕಿಟಕಿ ಅದರ ಪಾಡಿಗೆ ಇರಲಿ. ಮುಗಿದ ಮೇಲೆ ಮುಚ್ಚಿ, ಮಲಗಿ.