ಐದನೆಯ ಹೆಸರು

ನಾಲ್ಕು ಹೆಸರು ಬರೆಯುವಷ್ಟರಲ್ಲಿ ಅವಳಿಗೆ ಗೊತ್ತಿದ್ದ ಜನರೆಲ್ಲ ಮುಗಿದುಹೋಗಿದ್ದರು.

ಅಮ್ಮ, ಅಣ್ಣ, ಅತ್ತಿಗೆ, ಲ್ಯಾಬಿನ ಯಜಮಾನರು. ಕಾರಿನ ಸಾಲದ ಅರ್ಜಿಯ ಐದನೆಯ ಗೆರೆ ಖಾಲಿ ಉಳಿದಿತ್ತು. ಮೇಜಿನ ಆಚೆ ಬೀಗದಣ್ಣ ಹಲ್ಲಿನ ಸಂದಿಗೆ ಕಡ್ಡಿ ಹಾಕಿಕೊಂಡು ಕಾಯುತ್ತಿದ್ದ. ಸೊಂಟದಲ್ಲಿ ಸದಾ ಕೀಲಿಗೊಂಚಲು ಕುಣಿಯುತ್ತಿದ್ದುದರಿಂದ ಊರು ಅವನಿಗೆ ಇಟ್ಟ ಹೆಸರು ಅದು. ಕಂತು ತಪ್ಪಿಸಿದವರಿಂದ ಎಳೆದು ತಂದ ಕಾರುಗಳು ಅವನ ಅಂಗಳದಲ್ಲಿ ಮೂತಿ ಊದಿಸಿಕೊಂಡು ಸಾಲಾಗಿ ನಿಂತಿದ್ದವು.

"ಬ್ಯಾಂಕಿನವ್ರು ನಿಮ್ಮ ಹಿಂದಿಂದು ನೋಡ್ತಾರೆ. ನಾನು ಅಕ್ಕಪಕ್ಕ ನೋಡ್ತೀನಿ. ಐದು ಜನ ನಿಮ್ಮನ್ನ ಬಲ್ಲೆ ಅಂದ್ರೆ ಸಾಕು, ಕೀಲಿ ನಿಮ್ದು."

ಹಿಂದಿನದನ್ನು ನೋಡಿದ ಮೂರು ಬ್ಯಾಂಕುಗಳು ಅವಳನ್ನು ಬಾಗಿಲಿನಿಂದಲೇ ಕಳಿಸಿದ್ದವು. ಎರಡು ವರ್ಷದ ಕೆಳಗೆ ಅಣ್ಣ ತನ್ನ ಅಂಗಡಿಯ ಸಾಲಕ್ಕೆ ಜಾಮೀನು ಹಾಕು ಎಂದಾಗ ಅವಳು ಕಾಗದ ಓದದೆ ಸಹಿ ಮಾಡಿದ್ದಳು. ಅಂಗಡಿ ಮುಚ್ಚಿತು, ಅಣ್ಣ ಆ ಮಾತೆತ್ತಿದರೆ ಎದ್ದು ಹೋಗತೊಡಗಿದ, ಬ್ಯಾಂಕಿನ ಲೆಕ್ಕದಲ್ಲಿ ಅವಳ ಅಂಕ ಪಾತಾಳಕ್ಕಿಳಿಯಿತು. ಕೊನೆಯ ಬ್ಯಾಂಕಿನವನಂತೂ, ಡಾಕ್ಟರು ರೋಗಿಗೆ ಎಕ್ಸ್‌ರೇ ತೋರಿಸುವ ಹಾಗೆ ಪರದೆ ತಿರುಗಿಸಿ ಆ ಅಂಕವನ್ನು ತೋರಿಸಿದ್ದ.

ಕಾರು ಶೋಕಿಗಲ್ಲ. ಬೆಳಿಗ್ಗೆ ಬೆಳಿಗ್ಗೆ ಮನೆಮನೆಗೆ ಹೋಗಿ, ಖಾಲಿ ಹೊಟ್ಟೆಯಲ್ಲಿ ಕಾದವರ ರಕ್ತ ತೆಗೆದು, ಐಸಿನ ಪೆಟ್ಟಿಗೆಯಲ್ಲಿಟ್ಟು ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಬಸ್ಸು ನಂಬಿ ಎರಡು ಸಲ ರಕ್ತ ಕೆಟ್ಟಿತ್ತು. ಒಬ್ಬ ಮುದುಕರಿಗೆ ಮತ್ತೆ ಸೂಜಿ ಚುಚ್ಚಬೇಕಾಗಿ ಬಂದಾಗ ಅವರು ತಾವಾಗಿಯೇ ಇನ್ನೊಂದು ಕೈ ಮುಂದೆ ಮಾಡಿದ್ದರು, ಅದೇ ಅವಳಿಗೆ ಹೆಚ್ಚು ಚುಚ್ಚಿತ್ತು. ಒಂದನೇ ತಾರೀಖಿನೊಳಗೆ ಗಾಡಿ ತರದಿದ್ದರೆ ಕೆಲಸ ಬೇರೆಯವರಿಗೆ ಎಂದು ಯಜಮಾನರು ಮೆತ್ತಗೇ ಹೇಳಿದ್ದರು. ಒಂದಕ್ಕೆ ಇನ್ನು ಎರಡೇ ದಿನ.

ಅವಳು ಐದನೆಯ ಗೆರೆಯಲ್ಲಿ ‘ಚಿಕ್ಕಮ್ಮ’ ಎಂದು ಬರೆದಳು.

ಅವಳಿಗೆ ಚಿಕ್ಕಮ್ಮ ಎನ್ನುವವರೇ ಇರಲಿಲ್ಲ. ಕೈಗೆ ಬಂದ ಹತ್ತು ಅಂಕಿ ಬರೆದಳು. ವಿಳಾಸಕ್ಕೆ, ತಾನು ದಿನವೂ ಹೋಗುವ ಬೀದಿಯೊಂದನ್ನು ಬರೆದಳು. ಅಲ್ಲಿ ಹದಿನಾಲ್ಕನೇ ನಂಬರಿನ ಮನೆ ಬಿಟ್ಟರೆ ಹದಿನಾರು, ನಡುವೆ ಸೊಂಟದೆತ್ತರ ಹುಲ್ಲು ಬೆಳೆದ ಖಾಲಿ ಸೈಟು. ‘ನಂ. 15’ ಎಂದು ತುಂಬಿದಳು. ಇಲ್ಲದವರ ತಲೆಗೆ ಕಟ್ಟಿದರೆ ಯಾರಿಗೂ ತೊಂದರೆಯಾಗುವುದಿಲ್ಲ ಅಂದುಕೊಂಡಳು.

ಬೀಗದಣ್ಣ ಕೂತಲ್ಲೇ ಫೋನು ಹಚ್ಚಿದ. ನಾಲ್ವರೂ ಹೌದೆಂದರು. ಅಮ್ಮ ಅಂತೂ, ಬಾಯಿಲ್ಲದ ಹುಡುಗಿ, ಮೋಸ ಮಾಡಬೇಡಿ ಎಂದು ಅವನಿಗೇ ಬುದ್ಧಿ ಹೇಳಿದಳು. ಐದನೆಯ ಅಂಕಿಗಳನ್ನು ಅವನು ಒತ್ತತೊಡಗಿದಾಗ ಇವಳು ಚೀಲವನ್ನು ಹೆಗಲಿಗೇರಿಸಿ, ಕುರ್ಚಿ ಹಿಂದೆ ಸರಿಸಿ ಏಳಲು ಸಿದ್ಧಳಾದಳು.

ಆ ಕಡೆ ಯಾರೋ ಫೋನೆತ್ತಿದರು. ಬೀಗದಣ್ಣ ಹೂಂಗುಟ್ಟಿದ, ನಕ್ಕ, ಆಗಲಿ ತಾಯಿ ಅಂದ, ಇಟ್ಟ.

"ಏನಮ್ಮಾ, ಇಂಥ ಚಿಕ್ಕಮ್ಮನ್ನ ಕೊನೇಲಿ ಬರೆಯೋದಾ? ಎತ್ಕೊಂಡು ಬೆಳೆಸಿದೋಳು ನಾನು ಅಂದ್ರು. ನಿಮ್ಗೆ ಎಡಗಿವಿ ಕೇಳ್ಸಲ್ವಂತಲ್ಲ, ಬಲಗಡೆ ನಿಂತು ಮಾತಾಡಿ ಅಂದ್ರು."

ಹಾಗೆಂದವನು ಮೇಜು ಸುತ್ತಿ ಅವಳ ಬಲಕ್ಕೆ ಬಂದು ನಿಂತು ಕೀಲಿ ಕೊಟ್ಟ. ಎಡಗಿವಿಯ ಸಂಗತಿ ಮನೆಯವರ ಹೊರತು ಯಾರಿಗೂ ಗೊತ್ತಿರಲಿಲ್ಲ. ಅವಳು ಸದಾ ಅದರ ಮೇಲೆ ಕೂದಲು ಇಳಿಬಿಟ್ಟಿರುತ್ತಿದ್ದಳು.

ಸ್ಟೀರಿಂಗಿನ ಕೆಳಗೆ ಹೆಬ್ಬೆರಳಿನಷ್ಟು ಡಬ್ಬಿಯೊಂದಿತ್ತು. ಕಂತು ಕಟ್ಟಿದ್ದರೆ ಹಸಿರು ದೀಪ. ತಪ್ಪಿಸಿದರೆ ಮರುದಿನ ಕೆಂಪು, ಇಂಜಿನ್ನು ಅಲುಗುವುದಿಲ್ಲ.

ಮನೆಗೆ ಬಂದವಳೇ ಅಮ್ಮನನ್ನು ಕೇಳಿದಳು, ನಿನಗೆ ತಂಗಿ ಯಾರಾದರೂ ಇದ್ದಳೇ ಎಂದು. "ನಮ್ಮಮ್ಮಂಗೆ ನಾನೊಬ್ಳೇ ಸಾಕಾಗ್ಹೋಗಿದ್ದೆ," ಎಂದು ಅಮ್ಮ ಬಟ್ಟೆ ಮಡಿಸುವುದನ್ನು ನಿಲ್ಲಿಸಲೂ ಇಲ್ಲ. ಅರ್ಜಿಯ ನಕಲು ನೋಡಿ ಅವಳು ಆ ಹತ್ತು ಅಂಕಿಗಳಿಗೆ ತಾನೇ ಫೋನು ಮಾಡಿದಳು. ಈ ಸಂಖ್ಯೆ ಬಳಕೆಯಲ್ಲಿಲ್ಲ ಎಂದಿತು ಯಂತ್ರದ ದನಿ.

ಎರಡು ತಿಂಗಳು ಒಂದು ಹನಿ ರಕ್ತವೂ ಕೆಡಲಿಲ್ಲ. ಆ ಮುದುಕರು ಕಿಟಕಿಯಿಂದ ಕಾರು ನೋಡಿ, ಈಗ ನೀನು ದೊಡ್ಡ ಮನುಷ್ಯಳಾದೆ ಬಿಡು ಎಂದು ಛೇಡಿಸಿದರು. ಹದಿನಾಲ್ಕು ಹದಿನಾರರ ನಡುವೆ ಮಾತ್ರ ಅವಳ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಸೈಟಿನ ಹುಲ್ಲು ಗಾಳಿಯಿಲ್ಲದಾಗಲೂ ನಡುವೆ ಒಂದು ಕಡೆ ಒತ್ತಿಹೋಗಿರುತ್ತಿತ್ತು, ಯಾರೋ ಈಗಷ್ಟೇ ಕೂತು ಎದ್ದ ಹಾಗೆ.

ಮೂರನೆಯ ತಿಂಗಳು ಸಂಬಳ ಬಂದ ದಿನವೇ ಬ್ಯಾಂಕು ಅಣ್ಣನ ಸಾಲಕ್ಕೆಂದು ಅವಳ ಖಾತೆಯಿಂದ ಎಲ್ಲವನ್ನೂ ಮುರಿದುಕೊಂಡಿತು. ಕಂತು ತಪ್ಪಿತು. ಮರುದಿನ ಹದಿನಾರನೇ ಮನೆಯಿಂದ ಹೊರಬಂದು ಕೀಲಿ ತಿರುಗಿಸಿದರೆ, ಅಲ್ಲಿಯವರೆಗೆ ಹಸಿರಿದ್ದ ದೀಪ ಕೆಂಪು. ಪೆಟ್ಟಿಗೆಯಲ್ಲಿ ಹನ್ನೊಂದು ಜನರ ರಕ್ತ, ಲ್ಯಾಬಿಗೆ ಮುಟ್ಟಿಸಲು ಉಳಿದದ್ದು ಐವತ್ತು ನಿಮಿಷ. ಅಷ್ಟರಲ್ಲಿ ಬೀಗದಣ್ಣನ ಫೋನು. ಅವಳು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವನು ಸಮಾಧಾನ ಹೇಳಿದ. ನಿನ್ನೆಯೇ ಚಿಕ್ಕಮ್ಮನಿಗೆ ತಿಳಿಸಿದ್ದನಂತೆ, ಬೆಳಿಗ್ಗೆ ಗೇಟಿನೊಳಗೆ ಹಣದ ಕವರು ಬಿದ್ದಿತ್ತಂತೆ.

"ಕವರಿಗೆಲ್ಲ ಹುಲ್ಲಿನ ಬೀಜ ಅಂಟ್ಕೊಂಡಿತ್ತು, ಬಿಡಿಸಿ ಬಿಡಿಸಿ ಸಾಕಾಯ್ತು. ಒಂದು ಮಾತು ಹೇಳು ಅಂದಿದ್ರು. ನಿಮ್ಗೂ ಒಂದಿನ ಫೋನ್ ಬರುತ್ತಂತೆ. ಗೊತ್ತಿಲ್ಲದ ನಂಬರು ಅಂತ ಬಿಡಬಾರ್ದಂತೆ."

ದೀಪ ಹಸಿರಾಯಿತು.

ಗೊತ್ತಿಲ್ಲದ ನಂಬರನ್ನು ಅವಳು ಜನ್ಮದಲ್ಲಿ ಎತ್ತಿದವಳಲ್ಲ. ಗೊತ್ತಿದ್ದವರದ್ದನ್ನು ಎತ್ತಲೂ ಮನಸ್ಸನ್ನು ಗಟ್ಟಿಮಾಡಿಕೊಳ್ಳಬೇಕಿತ್ತು.

ಹತ್ತು ದಿನ ಕಳೆದು ಅದೇ ಬೀದಿಯಲ್ಲಿ ಅದು ಬಂತು. ಅವಳು ಸುಮ್ಮನೆ ನೋಡುತ್ತ ಕೂತಳು. ರಿಂಗು ನಿಂತಿತು. ಓಡುತ್ತಿದ್ದ ಇಂಜಿನ್ನೂ ನಿಂತಿತು. ಕಂತು ಬಾಕಿಯಿಲ್ಲದಿದ್ದರೂ ದೀಪ ಕೆಂಪಾಯಿತು. ಕಾರು ಹದಿನಾಲ್ಕರ ಮುಂದೆಯೂ ಇರಲಿಲ್ಲ, ಹದಿನಾರರ ಮುಂದೆಯೂ ಇರಲಿಲ್ಲ. ಮತ್ತೆ ರಿಂಗಾಯಿತು. ಹಿಂದಿನ ಸೀಟಿನ ಪೆಟ್ಟಿಗೆಯನ್ನು ಒಮ್ಮೆ ನೋಡಿ, ಫೋನನ್ನು ಬಲಗಿವಿಗೆ ಹಿಡಿದಳು.

ಕೇಳರಿಯದ ಗಂಡಸಿನ ದನಿ. "ಒಬ್ಳು ಹುಡುಗಿ ಕಾರು ಕೇಳ್ಕೊಂಡು ಬಂದಿದಾಳೆ. ನೀವು ಅವಳ ಚಿಕ್ಕಮ್ಮ ಅಂತ ನಂಬರ್ ಕೊಟ್ಟಿದಾಳೆ. ನಿಜಾನಾ?"

ತಪ್ಪು ನಂಬರು ಅಂದರೆ ಮುಗಿಯಿತು. ಹೌದೆಂದರೆ, ಆ ಹುಡುಗಿ ಕಂತು ತಪ್ಪಿಸಿದ ದಿನ ತಾನೆಲ್ಲಿಂದ ತರುವುದು? ಆಗ, ಇಪ್ಪತ್ತು ವರ್ಷದಿಂದ ಏನೂ ಕೇಳದ ಎಡಗಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು: ಯಾರೋ ಚೀಲ ಹೆಗಲಿಗೇರಿಸಿ, ಮೆಲ್ಲನೆ ಕುರ್ಚಿ ಹಿಂದೆ ಸರಿಸುವ ಸದ್ದು.

"ಹೌದು," ಅಂದಳು. "ಎತ್ಕೊಂಡು ಬೆಳೆಸಿದೋಳು ನಾನು. ಬಲಗಾಲು ಸ್ವಲ್ಪ ಎಳೀತಾಳೆ, ಮೆಟ್ಟಿಲ ಹತ್ರ ಅವಸರ ಮಾಡ್ಬೇಡಿ."

ಹೇಳಿದ್ದು ತನಗೆ ಹೇಗೆ ಗೊತ್ತಾಯಿತೆಂದು ಅವಳಿಗೆ ತಿಳಿಯಲಿಲ್ಲ.

"ಮನೆ ನಂಬರ್ ಹದಿನೈದು, ಅಲ್ವಾ ತಾಯಿ?"

"ಅಲ್ಲೇ ಇದೀನಿ."

ದೀಪ ಹಸಿರಾಯಿತು. ಕೀಲಿ ತಿರುಗಿಸಲು ಕೈ ಮುಂದೆ ಮಾಡಿದಾಗ ನೋಡಿದಳು: ಕಾರಿನಿಂದ ಇಳಿದೇ ಇರಲಿಲ್ಲ, ಆದರೂ ತೋಳಿನ ತುಂಬ, ಮೊಣಕೈವರೆಗೂ, ಹುಲ್ಲಿನ ಬೀಜ ಅಂಟಿಕೊಂಡಿತ್ತು.