ಯಾವ ಕಿವಿಗೆ?

ಚನ್ನಬಸವ್ವನಿಗೆ ಎರಡೂ ಕಿವಿ ಮಂದವಾಗಿ ಏಳು ವರ್ಷವಾಗಿತ್ತು. ಮರಾಠಿ ಸೀಮೆಯ ದೇಹೂ ರೋಡಿನ ಬಾಡಿಗೆ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದ ಅವಳು ಗಿರಾಕಿಗಳ ತುಟಿ ನೋಡಿಯೇ ಎಷ್ಟು ರೊಟ್ಟಿ ಬೇಕೆಂದು ತಿಳಿದುಕೊಳ್ಳುತ್ತಿದ್ದಳು. ಜನವರಿಯಲ್ಲಿ ಮಗಳು ಶಿವಾನಿ ಅವಳನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದಳು. ಎರಡೂ ಕಿವಿಗೆ ಯಂತ್ರ ಬೇಕೆಂದು ಡಾಕ್ಟರು ಬರೆದರು. ಅಂಗವಿಕಲರ ಯೋಜನೆಯಲ್ಲಿ ಪುಕ್ಕಟೆ ಸಿಗುತ್ತವೆ ಎಂದರು.

ಮೇ ತಿಂಗಳಲ್ಲಿ ಆಸ್ಪತ್ರೆಯಿಂದ ಕರೆ ಬಂತು, ಇಬ್ಬರೂ ಹೋದರು. ಯಂತ್ರ ಕೂಡಿಸುವ ಸ್ವಪ್ನಿಲ್ ಎಂಬ ತರುಣ ಡಬ್ಬಿ ತೆರೆದ. ಒಳಗೆ ಒಂದೇ ಇತ್ತು. ಮರಾಠಿಯಲ್ಲಿ ಏನೋ ಕೇಳಿದ. ಶಿವಾನಿ ತಾಯಿಯ ಎದುರು ಕೂತು ನಿಧಾನವಾಗಿ ತುಟಿ ಆಡಿಸಿದಳು.

"ಯಾವ ಕಿವಿಗೆ ಹಾಕ್ಲಿ ಅಂತ ಕೇಳಾಕತ್ತಾನ ಅವ್ವಾ."

"ಎರಡಕ್ಕೂ ಅಂತ ಬರದಾರಲ್ಲ?"

"ಈ ವರ್ಷದ ಬಜೆಟ್‌ನ್ಯಾಗ ರೊಕ್ಕ ಕಡಿಮಿ ಮಾಡ್ಯಾರಂತ. ಒಬ್ಬರಿಗೆ ಒಂದೇ ಅಂತ ಆರ್ಡರ್ ಬಂದದಂತ."

"ಮತ್ತ ಇನ್ನೊಂದು ಮುಂದಿನ ವರ್ಷ ಕೊಡ್ತಾರೇನು?"

ಶಿವಾನಿ ಕೇಳಿದಳು. ಸ್ವಪ್ನಿಲ್‌ಗೂ ಗೊತ್ತಿರಲಿಲ್ಲ.

ಚನ್ನಬಸವ್ವ ಎಡಗಿವಿ ಮುಟ್ಟಿಕೊಂಡಳು, ಆಮೇಲೆ ಬಲಗಿವಿ. ಇಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಹಿಂದೆ ನಿಂತವರು ಕಾಯುತ್ತಿದ್ದರು.

"ಊಟಕ್ಕ ನೀ ನನ್ನ ಯಾವ ಕಡೆ ಕೂಡ್ತಿ?"

"ಬಲಕ್ಕ."

"ಹಂಗಾದ್ರ ಬಲಕ್ಕ ಹಾಕಂತ ಹೇಳು."

ಯಂತ್ರ ಶುರುವಾದಾಗ ಮೊದಲು ಕೇಳಿದ್ದು ಮಗಳ ಮಾತು. "ನಿನ್ನ ದನಿ ಎಷ್ಟು ದಪ್ಪ ಆಗೇದಲ್ಲ!" ಎಂದಳು. ಅವಳ ನೆನಪಿನಲ್ಲಿದ್ದುದು ಶಾಲೆಗೆ ಹೋಗುವ ಹುಡುಗಿಯ ದನಿ.

ಆದರೆ ರಸ್ತೆಗೆ ಇಳಿದ ಮೇಲೆ ಎಲ್ಲವೂ ಬಲದಿಂದಲೇ ಬರತೊಡಗಿತು. ಬಸ್ಸು, ನಾಯಿ, ಜನ, ಎಲ್ಲ ಒಂದೇ ಕಡೆ. ಹಾರ್ನ್ ಕೇಳಿ ಅವಳು ಎಡಕ್ಕೆ ಹಾರಿದಳು. ಟೆಂಪೋ ಬರುತ್ತಿದ್ದುದು ಎಡದಿಂದಲೇ. ಅದು ಗಕ್ಕನೆ ನಿಂತಿತು, ಅವಳು ಬಿದ್ದು ಮೊಳಕಾಲು ತರಚಿತು. ಚಾಲಕ ಬೈಯತೊಡಗಿದ. ಆ ಬೈಗುಳವೂ ಬಲದಿಂದ ಬಂದಂತಾಗಿ, ಆ ಕಡೆ ನಿಂತಿದ್ದ ಕಬ್ಬಿನ ಹಾಲಿನವನಿಗೆ ಕೈಮುಗಿದಳು. ಅವನು ಗಾಬರಿಯಾಗಿ ಶಿವಾನಿಯ ಮುಖ ನೋಡಿದ.

ಅಂದಿನಿಂದ ರಸ್ತೆಯಲ್ಲಿ ಯಂತ್ರ ತೆಗೆದು ಚೀಲದಲ್ಲಿಟ್ಟುಕೊಳ್ಳುತ್ತಿದ್ದಳು. ಕೇಳದಿದ್ದಾಗ ಕಣ್ಣಾದರೂ ಎರಡೂ ಕಡೆ ನೋಡುತ್ತಿತ್ತು. ಮನೆಯಲ್ಲಿ ಮಾತ್ರ ಹಾಕುತ್ತಿದ್ದಳು. ಆಗಲೂ ಬಾಗಿಲಲ್ಲಿ ಗಿರಾಕಿ ಕೂಗಿದರೆ ಬಲಗಡೆಯ ಗೋಡೆಯತ್ತ ತಿರುಗಿ "ಎಷ್ಟು ಬೇಕ್ರಿ?" ಎನ್ನುತ್ತಿದ್ದಳು.

ಎರಡನೆಯ ಯಂತ್ರಕ್ಕಾಗಿ ಶಿವಾನಿ ಬರೆದ ಅರ್ಜಿಗೆ ಆಗಸ್ಟಿನಲ್ಲಿ ಉತ್ತರ ಬಂತು. ಮಂಜೂರಾದ ಸಾಧನವನ್ನು ವಿತರಿಸಲಾಗಿದೆ, ಉಳಿದದ್ದು ನಿಧಿ ಲಭ್ಯವಾದಂತೆ, ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ ಎಂದಿತ್ತು.

"ಅಂದ್ರ ಕೊಡ್ತಾರೋ, ಇಲ್ಲೋ?"

ಶಿವಾನಿ ಮತ್ತೊಮ್ಮೆ ಓದಿದಳು. "ಗೊತ್ತಾಗವಲ್ದು ಅವ್ವಾ. ಉಳಿದದ್ದು ಅಂತ ಬರದಾರ. ಮುಗೀತು ಅಂತನೂ ಬರದಾರ."

ಚನ್ನಬಸವ್ವ ಹಿಟ್ಟಿನ ಕೈಯಲ್ಲೇ ಕಾಗದ ತೆಗೆದುಕೊಂಡು, ಓದಲು ಬಾರದಿದ್ದರೂ ಮುಂದೆ ಹಿಂದೆ ತಿರುಗಿಸಿ ನೋಡಿದಳು.

"ಇನ್ನೊಂದು ಅರ್ಜಿ ಹಾಕು" ಎಂದಳು. "ಎಡಗಿವಿ ಅಂತ ದೊಡ್ಡ ಅಕ್ಷರದಾಗ ಬರಿ."